ಹಿಂದೆ ನಿಂತವರ ಖರ್ಜ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಈ ನಾಲ್ಕು ತಾಲೂಕುಗಳಲ್ಲಿ ಇವತ್ತಿಗೂ ಅಲ್ಲೊಬ್ಬ ಇಲ್ಲೊಬ್ಬ ಹಿರಿಯ ನಿಮಗೆ ಸಿಗುತ್ತಾನೆ, ಬೇಸ್ ಗಿಟಾರನ್ನು ಎಡಗೈಯಿಂದಲೇ ಬಾರಿಸಬೇಕು, ಬಲಗೈಯಿಂದ ಬಾರಿಸುವವರು ಸರಿಯಾಗಿ ಕಲಿಯದವರು ಎಂದು ಖಡಾಖಂಡಿತವಾಗಿ ಹೇಳುವವನು. ಮೊಮ್ಮಗ ಟಿವಿಯಲ್ಲಿ ಬಲಗೈಯವರನ್ನು ತೋರಿಸಿದರೆ, "ಪಾಪ, ಅವ್ರಿಗೆ ಹೇಳಿಕೊಟ್ಟವ್ರಿಲ್ಲ ಬಿಡು" ಎಂದು ಸುಮ್ಮನಾಗುತ್ತಾನೆ. ಜಗತ್ತಿಗೆಲ್ಲ ಒಂದು ಪದ್ಧತಿಯಾದರೆ ನಮ್ಮ ನಾಲ್ಕು ತಾಲೂಕಿಗೆ ಇನ್ನೊಂದು. ಇದಕ್ಕೆ ಕಾರಣರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಮೊನ್ನೆ ಸವಣೂರಿನಲ್ಲಿ ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಅವರ ಅಂಗಡಿಯ ಬೋರ್ಡಿನ ಮೇಲೂ ಅದು ಇರಲಿಲ್ಲ. "ಇಲ್ಲಿ ಪಂಪಸೆಟ್ ಮೋಟಾರ್ ವೈಂಡಿಂಗ್ ಮಾಡಲಾಗುವುದು" ಎಂದಷ್ಟೇ ಬರೆಸಿದ್ದರು. ಯಾಕೆಂದು ಕೇಳಿದರೆ, ಹೆಸರು ಹಾಕಿದರೆ ಜನ ಮೊದಲು ಹೆಸರು ಓದುತ್ತಾರೆ, ಆಮೇಲೆ ಯಾವ ಓಣಿ ಎಂದು ಕೇಳುತ್ತಾರೆ, ಓಣಿ ಗೊತ್ತಾದ ಮೇಲೆ ಕೆಲಸ ನೋಡುವುದಿಲ್ಲ ಎನ್ನುತ್ತಿದ್ದರು. ನಾವು ಆರ್ಕೆಸ್ಟ್ರಾದವರು ಅವರನ್ನು ಮಾಸ್ತರ್ ಎನ್ನುತ್ತಿದ್ದೆವು. ಮೇಸ್ತ್ರಿ ಎಂದು ಕರೆದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ.

ಮರ್ಯಾದೆಯ ವಿಷಯದಲ್ಲಿ ಮಹಾ ಹಟಮಾರಿ ಮನುಷ್ಯ. ಒಮ್ಮೆ ದೊಡ್ಡ ಮನೆತನದ ಹುಡುಗನೊಬ್ಬ ಗಿಟಾರು ತಂದು ಮೇಜಿನ ಮೇಲಿಟ್ಟು, ಲಗೂನ ಮಾಡಿಕೊಡು ಎಂದ. ಮಾಸ್ತರು ತಮ್ಮ ಪಾಡಿಗೆ ತಾವು ಮೋಟಾರಿಗೆ ವಾರ್ನಿಶ್ ಬಳಿಯುತ್ತ ಕುಳಿತರು. ಹುಡುಗ ಮತ್ತೆ ಅಂದ, ಇನ್ನೂ ಜೋರಾಗಿ ಅಂದ. ಆಗ ಮಾಸ್ತರು ನನ್ನ ಕಡೆ ತಿರುಗಿ, "ನನಗ ಕಿವಿ ಸ್ವಲ್ಪ ಮಂದ ಅದಾವ್ರಿ. ಕಡೀಕ ರೀ ಹಚ್ಚಿ ಮಾತಾಡಿದ್ರ ಅಷ್ಟ ಕೇಳಸತೈತಿ" ಎಂದರು. ಹುಡುಗನ ಮುಖ ಕೆಂಪಾಯಿತು. ಕೆಂಪಾದರೇನು, ಗಿಟಾರು ಬಾಯಿ ಬಿಡಬೇಕಲ್ಲ. ಕೊನೆಗೆ ಮಾಡಿಕೊಡ್ರಿ ಎಂದ, ಅದೂ ಕೇಳಿಸಿದ್ದು ಎರಡನೇ ಸಲಕ್ಕೆ.

ತಾವು ಬೇಡಿದ ಮರ್ಯಾದೆಯನ್ನು ಅವರು ಎಲ್ಲರಿಗೂ ಕೊಡುತ್ತಿದ್ದರು ಎನ್ನುವುದನ್ನೂ ಹೇಳಬೇಕು. ಶಾಲೆಯ ಮಕ್ಕಳಿಗೂ ಬರ್ರಿ ಹೋಗ್ರಿ. ಅಂಗಡಿಗೆ ತಲೆ ತೂರಿಸಿದ ಆಡಿಗೂ, "ಹೊರಗ ನಡೀರಿ, ಇಲ್ಲಿ ನಿಮ್ಮದೇನೂ ರಿಪೇರಿ ಇಲ್ಲ" ಎಂದದ್ದನ್ನು ನಾನೇ ಕೇಳಿದ್ದೇನೆ.

ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರು ತುಂಬ ವಾರ್ನಿಶ್ ಕಲೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಸೊಂಟದಲ್ಲಿ ಎಲೆ ಅಡಕೆಯ ಚಂಚಿ. ವಿನಯ ಎನ್ನುವುದು ಅವರ ಹತ್ತಿರ ಸುಳಿದಿರಲಿಲ್ಲ. ತಾವು ಸುತ್ತಿದ ತಂತಿಯ ಕಾಯಿಲಿನಂಥದ್ದು ಮುಂಬಯಿಯಲ್ಲೂ ಸಿಗುವುದಿಲ್ಲ ಎಂದು ಅವರೇ ಹೇಳುತ್ತಿದ್ದರು. ಮುಂಬಯಿ ನೋಡೀರೇನ್ರಿ ಎಂದರೆ, "ನಾ ಯಾಕ ನೋಡ್ಲಿ, ಅವ್ರ ಬಂದು ಸವಣೂರು ನೋಡ್ಲಿ" ಎಂಬ ಉತ್ತರ. ಹೊಗಳಿಕೆಯನ್ನು ನಾಚದೆ ತೆಗೆದುಕೊಳ್ಳುತ್ತಿದ್ದರು. ಕಡಿಮೆ ಬಿದ್ದರೆ ತಾವೇ ತುಂಬಿಕೊಳ್ಳುತ್ತಿದ್ದರು.

ಅದು ಎಪ್ಪತ್ತರ ದಶಕದ ಕೊನೆ. ನಮ್ಮ ಕಡೆ ಊರಿಗೊಂದು ಆರ್ಕೆಸ್ಟ್ರಾ ಪಾರ್ಟಿ ಹುಟ್ಟುತ್ತಿದ್ದ ಕಾಲ. ಗಣೇಶನ ಹಬ್ಬ, ಮದುವೆ, ಕಟ್ಟಡದ ಉದ್ಘಾಟನೆ, ಏನೇ ಇರಲಿ ಸಿನಿಮಾ ಹಾಡಿನ ಕಾರ್ಯಕ್ರಮ ಬೇಕೇ ಬೇಕು. ಪಾರ್ಟಿಗೊಂದು ಬೇಸ್ ಗಿಟಾರು ಇದ್ದರೆ ಮರ್ಯಾದೆ ಹೆಚ್ಚು. ಆದರೆ ನಮ್ಮ ಕೈಗೆ ಬರುತ್ತಿದ್ದವು ಗೋವಾದಲ್ಲೋ ಮುಂಬಯಿಯಲ್ಲೋ ಬಾರಿಸಿ ಬಾರಿಸಿ ಬಿಸಾಕಿದಂಥವು. ಕೆಟ್ಟರೆ ನೋಡುವವರು ಯಾರೂ ಇಲ್ಲ. ಹಾನಗಲ್ಲಿನ ಒಬ್ಬ ಗಿಟಾರಿನವನು ಸದ್ದು ನಿಂತುಹೋದ ಬೇಸನ್ನು ಹೆಗಲಿಗೆ ಹಾಕಿಕೊಂಡು ಹುಬ್ಬಳ್ಳಿಯೆಲ್ಲ ಸುತ್ತಿ, ಸೋತು, ತಿರುಗಿ ಹೋಗುವಾಗ ಸವಣೂರಿನಲ್ಲಿ ಬಸ್ಸು ತಪ್ಪಿಸಿಕೊಂಡ. ನೆರಳಿಗೆಂದು ಮಾಸ್ತರ ಅಂಗಡಿಯ ಮುಂದೆ ನಿಂತ. ಅದೇನ್ರಿ ಅದು ಎಂದು ಇವರೇ ಕೇಳಿ, ಇಸಿದುಕೊಂಡು, ಸ್ಕ್ರೂ ಬಿಚ್ಚಿ, ತಂತಿಯ ಕೆಳಗಿರುವ ಪಿಕಪ್ ಎಂಬ ಪುಟ್ಟ ಪೆಟ್ಟಿಗೆಯನ್ನು ಹೊರತೆಗೆದರು. ನೋಡಿದರೆ ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿ.

"ಅಯ್ಯ, ಇದು ನಮ್ಮ ಮೋಟಾರಿನ ತಂಗಿ ಐತಲ್ರಿ" ಎಂದರಂತೆ.

ಮೋಟಾರಿನ ತಂತಿ ಅದಕ್ಕೆ ದಪ್ಪವಾಯಿತು. ಹಳೆಯ ರೇಡಿಯೋದ ಟ್ರಾನ್ಸ್‌ಫಾರ್ಮರ್ ಒಡೆದು, ಕೂದಲಿನಂಥ ತಂತಿ ಬಿಡಿಸಿ, ಮೊದಲಿಗಿಂತ ಹೆಚ್ಚು ಸುತ್ತು ಹಾಕಿದರು. ಹಾನಗಲ್ಲಿಗೆ ಹೋಗಿ ಬಾರಿಸಿದಾಗ ಆ ಗಿಟಾರಿನ ಸದ್ದಿಗೆ ಪೆಂಡಾಲಿನ ತಗಡು ನಡುಗಿತು. ಅಲ್ಲಿಂದ ಮುಂದೆ ನಾಲ್ಕೂ ತಾಲೂಕಿನ ಬೇಸ್ ಗಿಟಾರುಗಳಿಗೆ ಸವಣೂರೇ ತವರುಮನೆಯಾಯಿತು.

ಅವರ ಕಿವಿ ಬಂದದ್ದು ಅಪ್ಪನಿಂದ. ಅಪ್ಪ ಊರಿಗೆಲ್ಲ ಹಲಗಿ ಬಾರಿಸುತ್ತಿದ್ದವರು. ಹುಲ್ಲು ಉರಿಸಿ ಹಲಗಿ ಕಾಸುವಾಗ ಚರ್ಮ ಎಷ್ಟು ಬಿಗಿಯಾಯಿತು ಎಂದು ನೋಡಲು ಬೆರಳಿನಿಂದ ಒಂದು ಪೆಟ್ಟು ಕೊಟ್ಟು ಕಿವಿಗೊಡುತ್ತಿದ್ದರಂತೆ, ಮಗನನ್ನೂ ಕೇಳಲು ಹಚ್ಚುತ್ತಿದ್ದರಂತೆ. ಮುಂದೆ ಮನೆಯವರೆಲ್ಲ ಬುದ್ಧನ ದಾರಿ ಹಿಡಿದ ಮೇಲೆ ಹಲಗಿ ಗೂಟಕ್ಕೆ ಹೋಯಿತು, ಕಿವಿ ಮಾತ್ರ ಉಳಿಯಿತು. ಚಿಕ್ಕವರಿದ್ದಾಗ ಊರಿನಲ್ಲಿ ನಾಟಕ, ಹಾಡಿಕೆ ಆದರೆ ಇವರ ಓಣಿಯವರು ಎಲ್ಲರಿಗಿಂತ ಹಿಂದೆ, ಹಗ್ಗದ ಆಚೆ ನಿಲ್ಲಬೇಕಿತ್ತು. ಅಲ್ಲಿಗೆ ಹಾಡಿನ ಮಾತು ಬರುತ್ತಿರಲಿಲ್ಲ, ಹಾರ್ಮೋನಿಯಂ ಪೇಟಿಯ ಸ್ವರ ಬರುತ್ತಿರಲಿಲ್ಲ. ತಬಲಾದ ಡಗ್ಗಾದ ಘುಂ ಎನ್ನುವ ಕೆಳದನಿ, ಆ ಖರ್ಜ ಮಾತ್ರ ನೆಲದ ಗುಂಟ ಬಂದು ಪಾದಕ್ಕೆ ಹತ್ತುತ್ತಿತ್ತು. ಇದನ್ನು ಅವರು ದುಃಖದಿಂದ ಹೇಳುತ್ತಿರಲಿಲ್ಲ, ಆಸ್ತಿ ತೋರಿಸಿದಂತೆ ಹೇಳುತ್ತಿದ್ದರು.

"ಹಾಡು ಮುಂದ ಕುಂತವ್ರದ್ರಿ. ಖರ್ಜ ಹಿಂದ ನಿಂತವ್ರದು."

ಅದಕ್ಕೇ ಅವರ ಪರೀಕ್ಷೆಯ ಪದ್ಧತಿ ಬೇರೆ. ಅಂಗಡಿಯಲ್ಲಿ ಬಾರಿಸಿ ನೋಡಿ ಒಪ್ಪುವವರಲ್ಲ. ರಿಪೇರಿಯಾದ ಗಿಟಾರಿನ ಮೊದಲ ಕಾರ್ಯಕ್ರಮಕ್ಕೆ ಖುದ್ದು ಬಂದು, ಜನರೆಲ್ಲರ ಹಿಂದೆ, ಶೇಂಗಾ ಮಾರುವವರ ಸಾಲಿನ ಆಚೆ ನಿಂತು ಯಾವುದಾದರೂ ವಸ್ತುವಿನ ಮೇಲೆ ಅಂಗೈ ಇಡುತ್ತಿದ್ದರು. ಕಂಬ, ಚಕ್ಕಡಿಯ ಗಾಲಿ, ಗೋಡೆ, ಏನು ಸಿಕ್ಕರೆ ಅದು. ಶಿಗ್ಗಾಂವಿಯಲ್ಲಿ ಒಮ್ಮೆ ಏನೂ ಸಿಗದೆ ಎಮ್ಮೆಯ ಬೆನ್ನಿನ ಮೇಲೆ ಕೈ ಇಟ್ಟಿದ್ದರು. ಖರ್ಜ ಅಂಗೈಗೆ ಬಂತೋ, ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಚಂಚಿ ಬಿಚ್ಚಿ ಎಲೆಗೆ ಸುಣ್ಣ ಸವರುತ್ತಿದ್ದರು. ಪಾಸು ಎಂದರ್ಥ. ಬರಲಿಲ್ಲವೋ, ಯಾರಿಗೂ ಹೇಳದೆ ಹೊರಟುಹೋಗುತ್ತಿದ್ದರು. ಮರುದಿನ ಗಿಟಾರು ತರ್ರಿ ಎಂದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸುತ್ತಿದ್ದರು. ಸ್ಟೇಜಿನ ಮೇಲೆ ನಿಂತ ನಮಗೆ ಜನರ ಚಪ್ಪಾಳೆಗಿಂತ ಆ ಎಲೆ ಅಡಕೆಯ ಮೇಲೇ ಕಣ್ಣು.

ಬೇಸಿನ ತಂತಿ ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ಬೆವರು, ಜಿಡ್ಡು ತಿಂದು ಸದ್ದು ಸತ್ತ ತಂತಿಗಳನ್ನು ಮಾಸ್ತರು ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಎಬ್ಬಿಸುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ. ಒಂದು ಒಲೆಯ ಮೇಲೆ ಸಾರು, ಇನ್ನೊಂದರ ಮೇಲೆ ತಂತಿ. ಒಮ್ಮೆ ಬಂದ ಬೀಗರು ಪಾತ್ರೆಯೊಳಗೆ ಇಣುಕಿ, ಶಾವಿಗಿ ಯಾಕ ಇಷ್ಟು ಕಪ್ಪ ಅದಾವ್ರಿ ಎಂದು ಕೇಳಿದರಂತೆ. ಮಾಸ್ತರ ಮನೆಯವರು, ನಾವು ಅಕ್ಕಾರು ಎನ್ನುತ್ತಿದ್ದೆವು, ಬಾಯಲ್ಲಿ ಗಂಡನಿಗೆ ಕಡಿಮೆಯಿರಲಿಲ್ಲ. ಹಾಡೋ ಶಾವಿಗಿರಿ, ಉಂಡ್ರ ಹೊಟ್ಯಾಗ ಪದಾ ಹಾಡ್ತಾವು ಎಂದರಂತೆ.

ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿ ಕೂಡುವ ಪಟ್ಟಿಯನ್ನು ಎತ್ತಿನ ಕೋಡಿನಿಂದ ಕೆತ್ತುತ್ತಿದ್ದರು. ಬಗ್ಗಿದ ಕುತ್ತಿಗೆಯನ್ನು ಕಾಸಿ ನೆಟ್ಟಗೆ ಮಾಡುತ್ತಿದ್ದರು. ಗೊಂಯ್ ಎನ್ನುವ ಸದ್ದು ಬಂದರೆ ಅರ್ಥಿಂಗ್ ಸರಿಯಿಲ್ಲ ಎಂದು ಕಾರ್ಯಕ್ರಮದ ಜಾಗದಲ್ಲೇ ಕುಣಿ ತೋಡಿ, ಕಬ್ಬಿಣದ ಪೈಪು ನೆಟ್ಟು, ಇದ್ದಲಿ ಉಪ್ಪು ತುಂಬಿ ನೀರು ಹೊಯ್ಯುತ್ತಿದ್ದರು. ಮಾಸೂರಿನಲ್ಲಿ ಹೀಗೆ ಮಾಡುವಾಗ ನಾಟಿ ಮುಗಿಸಿ ಬರುತ್ತಿದ್ದ ಮುದುಕಿಯೊಬ್ಬಳು ನಿಂತು ನೋಡಿದಳು. ಕುಣಿ, ಉಪ್ಪು, ಬಿಂದಿಗೆ ನೀರು, ಸುತ್ತ ಗಂಭೀರವಾಗಿ ನಿಂತ ಗಂಡಸರು. ಮನೆಗೆ ಹೋಗಿ ಅರಿಸಿನ ಕುಂಕುಮ ತಂದು ಪೈಪಿಗೆ ಹಚ್ಚಿ ಅಡ್ಡಬಿದ್ದಳು. ಹಿಂದೆಯೇ ಹೆಂಗಸರ ಸಾಲು. ನಮ್ಮ ಪಾರ್ಟಿಯ ಮಾಲಕರು ತಡೆಯಲು ಹೋದರೆ ಮಾಸ್ತರು ಅವರನ್ನೇ ತಡೆದರು. ಆ ದಿನ ಸ್ಪೀಕರಿನಲ್ಲಿ ಒಂದು ಚೂರು ಗೊಂಯ್ ಇರಲಿಲ್ಲ. ಮುಂದೆ ಮಾಸೂರಿಗೆ ಯಾವ ಪಾರ್ಟಿ ಹೋದರೂ ಜನ, ಮೊದಲು ಕುಣಿ ತೆಗದು ಪೂಜಿ ಮಾಡ್ರಿ, ಆಮ್ಯಾಲ ಹಾಡ್ರಿ ಎಂದು ಪಟ್ಟು ಹಿಡಿಯುತ್ತಿದ್ದರು. ನಾ ದೇವ್ರನ್ನ ಬಿಟ್ರೂ ದೇವ್ರು ನನ್ನ ಪೈಪ್ ಬಿಡವಲ್ಲ ಎಂದು ಮಾಸ್ತರು ನಗುತ್ತಿದ್ದರು.

ಇನ್ನು ನನ್ನ ಕಥೆಗೆ ಬರುತ್ತೇನೆ. ನಾನು ಬಂಕಾಪುರದ ಹತ್ತಿರದ ಹಳ್ಳಿಯವನು, ಒಕ್ಕಲುತನದ ಮನೆ. ಶಿಗ್ಗಾಂವಿಯ ಪಾರ್ಟಿಯಲ್ಲಿ ಬೇಸ್ ಬಾರಿಸುತ್ತಿದ್ದೆ. ಓದು ಅರ್ಧಕ್ಕೆ ನಿಂತಿತ್ತು, ಹೊಲದ ಕೆಲಸದಲ್ಲಿ ಅಣ್ಣಂದಿರಷ್ಟು ಗಟ್ಟಿಗನಲ್ಲ. ಸ್ಟೇಜಿನ ಮೇಲೆ ಗಿಟಾರು ಹಾಕಿಕೊಂಡು ನಿಂತಾಗ ಮಾತ್ರ ನಾನೂ ಒಬ್ಬ ಮನುಷ್ಯ ಎನಿಸುತ್ತಿತ್ತು. ಅದೊಂದೇ ನನ್ನದು ಎನ್ನುವ ಜಾಗ.

ಒಂದು ದಿನ ಮುಂಜಾನೆ ಬಲಗೈಯಿಂದ ಮೇವು ಕತ್ತರಿಸುವ ಮಷೀನು ತಿರುಗಿಸುತ್ತ, ಎಡಗೈಯಿಂದ ಜೋಳದ ಕಣಿಕೆ ಒತ್ತುತ್ತಿದ್ದೆ. ಗಮನ ಎಲ್ಲಿತ್ತೋ. ಎಡಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಹೋದವು. ಗಾಯ ಮಾಯ್ದ ಮೇಲೂ ಅವ್ವ ನನ್ನ ಕೈ ನೋಡುತ್ತಿರಲಿಲ್ಲ, ಉಣ್ಣಲು ನೀಡಿ ಗೋಡೆಯ ಕಡೆ ತಿರುಗಿ ಕೂಡುತ್ತಿದ್ದಳು. ಪಾರ್ಟಿಯ ಮಾಲಕರು ಬಂದು ಹಣ್ಣು ಕೊಟ್ಟು, ಮರುಗಿ, ಹಾವೇರಿ ಕಡೆಯ ಇನ್ನೊಬ್ಬ ಗಿಟಾರಿನವನನ್ನು ಗೊತ್ತು ಮಾಡಿಕೊಂಡರು. ಅವರನ್ನು ಬೈಯಲಾರೆ. ತಂತಿ ಒತ್ತುವುದು ಎಡಗೈಯ ಕೆಲಸ, ಎರಡು ಬೆರಳಿನವನನ್ನು ಇಟ್ಟುಕೊಂಡು ಅವರೇನು ಮಾಡಬೇಕು?

ಗಿಟಾರು ಗೂಟದ ಮೇಲೆ ಕಣ್ಣಿಗೆ ಬಿದ್ದಾಗಲೆಲ್ಲ ಮನೆಯಿಂದ ಹೊರಗೆ ಹೋಗಿಬಿಡುತ್ತಿದ್ದೆ. ಯಾರಿಗಾದರೂ ಕೊಟ್ಟುಬಿಡೋಣ ಎಂದು ಸವಣೂರಿಗೆ ಹೊತ್ತುಕೊಂಡು ಹೋದೆ. ಗಿರಾಕಿ ಇದ್ದರೆ ನೋಡ್ರಿ ಎಂದೆ. ಮಾಸ್ತರು ಗಿಟಾರನ್ನು ಮುಟ್ಟಲಿಲ್ಲ. ನನ್ನ ಎಡಗೈ ಹಿಡಿದು ಬೆಳಕಿಗೆ ತಿರುಗಿಸಿ, ಕೆಟ್ಟ ಮೋಟಾರನ್ನು ನೋಡುವ ಹಾಗೆಯೇ ನೋಡಿದರು. ಬಗ್ಗಸ್ರಿ ಅಂದರು, ಬಿಚ್ರಿ ಅಂದರು. ಉಳಿದ ಎರಡು ಬೆರಳನ್ನು ಒಂದಾದ ಮೇಲೊಂದು ಮೇಜಿನ ಮೇಲೆ ಕುಟ್ಟಿಸಿದರು. ಆಮೇಲೆ ಬಲಗೈ ಇಸಿದುಕೊಂಡರು.

"ತಂತಿ ಒತ್ತಾಕ ನಾಕು ಬೆರಳು ಬೇಕು. ಮೀಟಾಕ ಎರಡು ಸಾಕು. ನಿಮ್ಮ ಎಡಗೈಯಾಗ ಎರಡು ಅದಾವು, ಬಲಗೈಯಾಗ ಎಲ್ಲಾ ಅದಾವು. ಲೆಕ್ಕ ಬರೋಬರಿ ಐತಿ. ಜಾಗಾ ಅಷ್ಟ ಅದಲಾಬದಲಿ ಆಗ್ಬೇಕು" ಎಂದರು.

ಕೇಳಿ ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಒಂದು ಕೈಗೆ ಕಲಿಸಿದ್ದನ್ನು ಇನ್ನೊಂದಕ್ಕೆ ಕಲಿಸುವುದು ಅಂಗಿ ತಿರುವಿ ಹಾಕಿಕೊಂಡಷ್ಟು ಸುಲಭವೇ? ತೊಟ್ಟಿಲಿಂದ ಮತ್ತೆ ಶುರು ಮಾಡು ಎಂದಂತಾಯಿತು. ಮಾತು ಅರ್ಧಕ್ಕೆ ನಿಂತು ಅಳು ಬಂತು. ಅಕ್ಕಾರು ಒಳಗಿನಿಂದ ತಾಟಿನಲ್ಲಿ ಸವಣೂರಿನ ಖಾರಾ, ಬಾಯಿ ಉರಿಸುವ ಕುರುಕಲು, ತಂದು ಮುಂದಿಟ್ಟರು. "ಇದನ್ನ ತಿನಕೋತ ಅಳ್ರಿ. ಯಾಕ ಅಳಾಕತ್ತೀರಿ ಅಂತ ಯಾರಿಗೂ ತಿಳ್ಯೂದಿಲ್ಲ" ಎಂದರು. ಅಳುತ್ತಲೇ ನಗು ಬಂತು, ಖಾರಾ ನೆತ್ತಿಗೆ ಹತ್ತಿತು. ಗಿಟಾರನ್ನು ಅಲ್ಲೇ ಬಿಟ್ಟು ಬಂದೆ.

ಗಿಟಾರು ತಿರುವಿ ಹಿಡಿದರೆ ಆಯಿತು ಎಂದು ಬೇರೆಯವರು ತಿಳಿದಾರು. ಅಷ್ಟು ಸರಳವಲ್ಲ. ದಪ್ಪ ತಂತಿ ಮೇಲೆ ಬರಬೇಕು, ಅದಕ್ಕೆ ಕೋಡಿನ ಪಟ್ಟಿ ಹೊಸದಾಗಿ ಕೆತ್ತಬೇಕು. ಬುಡದಲ್ಲಿ ಒಂದೊಂದು ತಂತಿಯ ಉದ್ದ ಮತ್ತೆ ಹೊಂದಿಸಬೇಕು, ಇಲ್ಲದಿದ್ದರೆ ಮೇಲೆ ಹೋದಂತೆ ಶ್ರುತಿ ಜಾರುತ್ತದೆ. ಕೆಳಗಿದ್ದ, ಸದ್ದು ಏರಿಳಿಸುವ ಗುಂಡಿಗಳು ಮೇಲೆ ಬಂದು ಮೀಟುವ ಕೈ ತಾಗಿದರೆ ಸದ್ದೇ ಬಂದ್. ಮಾಸ್ತರು ಹಳೆಯ ತೂತು ಮುಚ್ಚಿ ಇನ್ನೊಂದು ಬದಿಗೆ ಗುಂಡಿ ಕೂಡಿಸಿದರು. ಕೊರಳಿಗೆ ಹಾಕುವ ಪಟ್ಟಿಯ ಕೊಂಡಿ ಗಿಟಾರಿನ ಮೈಯ ಗಿಡ್ಡ ಕೋಡಿಗೆ ಬಂದದ್ದರಿಂದ ಗಿಟಾರಿನ ಕುತ್ತಿಗೆ ನೆಲ ನೋಡತೊಡಗಿತು. ಹಳೆಯ ಬ್ಯಾಟರಿಯ ಸೀಸ ಕರಗಿಸಿ, ತಟ್ಟೆ ಮಾಡಿ, ಬೆನ್ನೊಳಗೆ ಕೂಡಿಸಿ ಸಮತೂಕ ತಂದರು. ಮುಗಿದ ಮೇಲೆ ಹೊರಗೆ ತಂದು ಬಿಸಿಲಿನಲ್ಲಿಟ್ಟು, ತಾವೇ ಸುತ್ತ ತಿರುಗಿ ನೋಡಿ, "ಭಾರಿ ಆಗೇತ್ರಿ" ಎಂದು ತಮ್ಮನ್ನು ತಾವೇ ಹೊಗಳಿಕೊಂಡರು.

ಇನ್ನು ರಿಪೇರಿಯಾಗಬೇಕಾದವನು ನಾನು. ಗಿಟಾರು ನನ್ನ ಕೈಗೆ ಕೊಡಲೇ ಇಲ್ಲ. ಕಾಯಿಲು ಸುತ್ತುವ ಕೈಮಷೀನಿನ ಮುಂದೆ ಕೂಡಿಸಿದರು. ಎಲ್ಲರೂ ಬಲಗೈಯಿಂದ ಹಿಡಿಕೆ ತಿರುಗಿಸಿ ಎಡಗೈಯಿಂದ ತಂತಿ ಬಿಡುತ್ತಾರೆ. ಮಾಸ್ತರು ಮಷೀನನ್ನೇ ಎತ್ತಿ ತಿರುವಿ ಕೂಡಿಸಿ, ಎಡಗೈಗೆ ಹಿಡಿಕೆ, ಬಲಗೈಗೆ ತಂತಿ ಕೊಟ್ಟರು. ಹಿಡಿಕೆ ಒಂದೇ ಲಯದಲ್ಲಿ ತಿರುಗಬೇಕು. ತಂತಿಯನ್ನು ಬಲಗೈಯ ಬೆರಳ ತುದಿ ಒತ್ತಿದಂತಿರಬೇಕು, ಒತ್ತಿರಬಾರದು. ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ಉಬ್ಬುತ್ತದೆ. ನಡುವೆ ನಿಲ್ಲಿಸುವಂತಿಲ್ಲ, ಕಾಯಿಲು ತುಂಬುವವರೆಗೆ ಕೈ ತಡೆಯಬಾರದು. ನಾನು ಸುತ್ತಿದ ಮೊದಮೊದಲ ಕಾಯಿಲುಗಳನ್ನು ಅಕ್ಕಾರು ಪಾತ್ರೆ ತಿಕ್ಕಲು ಒಯ್ದರು. ಆಮೇಲಿನವು ಯಾವುದೋ ರೈತರ ಬಾವಿಗೆ ಹೋದವು. ಉಲ್ಟಾ ಕೈಯವ ಸುತ್ತಿದ ಮೋಟಾರು, ನೀರು ಹೊಲಕ್ಕೆ ಬರೋ ಬದಲಿ ಬಾವಿಗೆ ಹೋದೀತು, ಹುಷಾರ್ರಿ ಎಂದು ಮಾಸ್ತರು ಗಿರಾಕಿಗಳನ್ನು ಹೆದರಿಸುತ್ತಿದ್ದರು.

ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಒಂದು ದಿನ ಹಿಡಿಕೆ ತಿರುಗಿಸುತ್ತ ನಾನು ಅವರೊಡನೆ ಹರಟೆ ಹೊಡೆಯುತ್ತಿದ್ದೆ. ಕೈಯ ಕಡೆ ನನ್ನ ಗಮನವೇ ಇರಲಿಲ್ಲ. ಕಾಯಿಲು ತುಂಬಿ ನೋಡಿದರೆ ಒಂದೂ ಸುತ್ತು ಏರುಪೇರಿಲ್ಲ. ಮಾಸ್ತರು ಎದ್ದು ಹೋಗಿ ಗಿಟಾರು ತಂದು ನನ್ನ ಕೊರಳಿಗೆ ಹಾಕಿದರು. ಎಡಗೈಯ ಎರಡು ಬೆರಳು ತಂತಿಯ ಮೇಲೆ ನಡೆದವು, ತಡವರಿಸಿದವು, ಮತ್ತೆ ನಡೆದವು. ಊರಿಗೆ ಹೋಗಿ ದಿನವೂ ಬಾರಿಸಿದೆ. ಅವ್ವ ಗೋಡೆಯ ಕಡೆ ತಿರುಗಿ ಕೂಡುವುದನ್ನು ಬಿಟ್ಟಳು.

ಆ ಚಳಿಗಾಲದಲ್ಲಿ ಹಿರೇಕೆರೂರಿನಲ್ಲಿ ಒಂದು ಗೋದಾಮಿನ ಉದ್ಘಾಟನೆಗೆ ನಮ್ಮ ಪಾರ್ಟಿಯ ಕಾರ್ಯಕ್ರಮ ಗೊತ್ತಾಗಿತ್ತು. ಹಳ್ಳಿಯ ಹೆಂಗಸರು ಕಡೆಯ ಬಸ್ಸು ಹಿಡಿಯಬೇಕಲ್ಲ, ಅದಕ್ಕೆ ಬಿಸಿಲು ಇಳಿಯುವ ಮೊದಲೇ ಶುರು. ಹಾವೇರಿಯವನು ಬೇರೊಂದು ಮದುವೆಗೆ ಒಪ್ಪಿಕೊಂಡಿದ್ದ. ಮಾಲಕರು ಅಳುಕುತ್ತಲೇ ನನ್ನನ್ನು ಕರೆದರು. ಆದರೆ ಸ್ಟೇಜು ಕಟ್ಟಿ ವಾದ್ಯಗಳಿಗೆ ಊದುಬತ್ತಿ ಬೆಳಗುವ ಹೊತ್ತಿಗೆ ಬಳಿಗೆ ಬಂದು, ಗಣಪತಿ ಸ್ತುತಿಗೆ ನೀನು ಕೆಳಗಿರು, ಎರಡನೇ ಹಾಡಿಗೆ ಹತ್ತು ಎಂದರು. ಕಾರಣ ನನಗೂ ಗೊತ್ತಿತ್ತು. ದೇವರ ಹಾಡು, ಮೊದಲ ಸ್ವರ, ಅದನ್ನು ಎಡಗೈಯಿಂದ ಬಾರಿಸುವುದೆಂದರೆ ಎಡಗೈಯಿಂದ ಪ್ರಸಾದ ಕೊಟ್ಟ ಹಾಗೆ. ಊರಿನ ಹಿರಿಯರು ಮುಂದಿನ ಸಾಲಿನಲ್ಲಿರುತ್ತಾರೆ, ಗದ್ದಲ ಮಾಡಿದರೆ ಪಾರ್ಟಿಯ ಗತಿಯೇನು ಎಂಬುದು ಅವರ ಹೆದರಿಕೆ. ನಾನು ತಲೆ ಬಗ್ಗಿಸಿ ಕೊರಳಿನ ಪಟ್ಟಿ ಬಿಚ್ಚತೊಡಗಿದೆ.

ಅರ್ಥಿಂಗಿನ ಕುಣಿಗೆ ನೀರು ಹೊಯ್ಯುತ್ತಿದ್ದ ಮಾಸ್ತರು ಕೊಡ ಕೆಳಗಿಟ್ಟು ಬಂದರು. ಮೊದಲ ಹಾಡಿಗೆ ಬ್ಯಾಡಾದವರು ಯಾವ ಹಾಡಿಗೂ ಬ್ಯಾಡ್ರಿ, ಗಿಟಾರು ಕಟ್ರಿ, ಹೋಗೂಣು ಎಂದರು. ಮಾಲಕರಿಗೂ ರೇಗಿತು. ಗಣಪತಿ ಉಸಾಬರಿ ನಿಮಗ್ಯಾಕ್ರಿ ಮಾಸ್ತರ್ರ, ನೀವು ನಂಬೂದಿಲ್ಲಲ್ಲ ಎಂದರು.

"ಗಣಪತಿ ನಿಮ್ಮಂವ. ಖರ್ಜ ನಂದು" ಎಂದರು ಮಾಸ್ತರು. ಆಮೇಲೆ ಸ್ಟೇಜಿನ ಮೇಲೆ ತಬಲಾ ಶ್ರುತಿ ಮಾಡುತ್ತಿದ್ದ ಹಾನಗಲ್ಲಿನ ಅಜ್ಜನ ಕಡೆ ತಿರುಗಿದರು. ಹಣೆತುಂಬ ವಿಭೂತಿ ಹಚ್ಚಿಕೊಳ್ಳುವ ಅಜ್ಜ, ದೇವರ ವಿಷಯದಲ್ಲಿ ಪಾರ್ಟಿಗೆಲ್ಲ ಅವರ ಮಾತೇ ಕಡೆಯ ಮಾತು. "ಅಜ್ಜಾರ, ಡಗ್ಗಾ ಯಾವ ಕೈಲೆ ಬಾರಸ್ತೀರಿ?"

ಅಜ್ಜ ಡಗ್ಗಾದ ಮೇಲಿದ್ದ ತಮ್ಮ ಎಡಗೈಯನ್ನು ಹೊಸದಾಗಿ ಕಂಡವರಂತೆ ನೋಡಿದರು. ಆಮೇಲೆ ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಸ್ತುತಿಯ ಠೇಕಾವನ್ನು ಬಲಗೈಯೊಂದರಿಂದಲೇ ಬಾರಿಸತೊಡಗಿದರು. ಟಿನ್ ಟಿನ್ ಟಿನ್. ಹೊಟ್ಟೆಯೇ ಇಲ್ಲದ ಸದ್ದು. ಹಾಡುವ ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮಾಲಕರು ನಿಲ್ಲಿಸ್ರಿ ಎಂದರೂ ಅಜ್ಜ ನಿಲ್ಲಿಸಲಿಲ್ಲ. ಸಾಕಷ್ಟು ಬಾರಿಸಿದ ಮೇಲೆ ಕೈ ತಡೆದು ಹೇಳಿದರು.

"ದೇವ್ರಿಗೆ ಎಡಗೈ ಬ್ಯಾಡಂದ್ರ ನಂದೂ ಬ್ಯಾಡ. ಇಷ್ಟು ವರ್ಷ ಖರ್ಜ ನಾ ಎಡಗೈಲೇ ಕೊಟ್ಟೇನಿ. ಒಂದ ದಿನಾನೂ ಸಿಟ್ಟಾಗಿಲ್ಲ ಅಂವ."

ಮಾಲಕರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ನನ್ನ ಕಡೆ ನೋಡದೆಯೇ, ಪಟ್ಟಿ ಹಾಕ್ಕೋ ಎಂದರು. ಈ ಮಾತು ಜನರ ಬಾಯಿಗೆ ಬಿದ್ದು, ಬೇಸು ಎಂದರೆ ಡಗ್ಗಾ, ಡಗ್ಗಾ ಎಂದರೆ ಎಡಗೈ ಎಂದು ಬೆಳೆದು, ಮುಂದೆ ಬೇರೆ ಪಾರ್ಟಿಯವರು ಗಿಟಾರು ಹೊತ್ತುಕೊಂಡು ನಮ್ಮದನ್ನೂ ಎಡಕ್ಕೆ ತಿರುವಿ ಕೊಡ್ರಿ ಎಂದು ಸವಣೂರಿಗೆ ಬಂದರು. ಮಾಸ್ತರು ಅವರ ಕೈಗಳನ್ನು ಹಿಡಿದು ನೋಡಿ, ಇವು ನೆಟ್ಟಗ ಅದಾವ್ರಿ, ರಿಪೇರಿ ಬ್ಯಾಡ, ಚಾ ಕುಡದು ಹೋಗ್ರಿ ಎಂದು ಕಳಿಸುತ್ತಿದ್ದರು. ಅದು ಮುಂದಿನ ಮಾತು.

ಆ ಸಂಜೆ ಸ್ತುತಿ ಶುರುವಾಯಿತು. ಮೊದಲ ಸ್ವರಕ್ಕೇ ಸ್ಟೇಜಿನ ಹಲಗೆ ಕಾಲಡಿ ನಡುಗಿತು. ಡಗ್ಗಾದ ಪೆಟ್ಟೂ ನನ್ನ ಸ್ವರವೂ ಒಟ್ಟಿಗೇ ಬಿದ್ದವು, ಅಜ್ಜ ನನ್ನ ಕಡೆ ನೋಡಿ ಹುಬ್ಬು ಕುಣಿಸಿದರು. ಮುಂದಿನ ಸಾಲಿನ ಹಿರಿಯರು ನನ್ನ ಕೈ ನೋಡಿ ಗುಸುಗುಸು ಮಾಡಿದ್ದು ಕಂಡಿತು. ಅವರ ಭಯ ನನಗಿರಲಿಲ್ಲ. ನನ್ನ ಕಣ್ಣು ಇದ್ದದ್ದು ಮೈದಾನದ ಕಟ್ಟಕಡೆಗೆ. ಇಳಿಬಿಸಿಲಿನಲ್ಲಿ ಎಲ್ಲ ಸ್ಪಷ್ಟ ಕಾಣುತ್ತಿತ್ತು. ಶೇಂಗಾದವರ ಆಚೆ, ಗೋದಾಮಿನ ತಗಡಿನ ಬಾಗಿಲಿಗೆ ಅಂಗೈ ಒತ್ತಿ ಬಿಳಿ ಅಂಗಿ ನಿಂತಿತ್ತು.

ಪಲ್ಲವಿ ಮುಗಿಯಿತು. ಮಾಸ್ತರು ಕೂಡಲಿಲ್ಲ. ಚರಣ ಶುರುವಾಯಿತು. ಚಂಚಿಗೆ ಕೈ ಹೋಗಲಿಲ್ಲ. ತಗಡಿಗೆ ಖರ್ಜ ಹೋಗುತ್ತಿಲ್ಲವೇ, ನನ್ನ ಎಡಗೈಗೆ ಶಕ್ತಿ ಸಾಲದೇ ಎಂದು ಇನ್ನಷ್ಟು ಬಲ ಹಾಕಿ ಮೀಟಿದೆ. ಆಗ ಅವರು ಬಾಗಿಲಿನಿಂದ ಕೈ ತೆಗೆದರು. ಅಂಗಿ ಕೊಡವಿಕೊಂಡು ನಡೆಯತೊಡಗಿದರು. ಮುಗಿಯಿತು, ಹೊರಟರು ಎಂದುಕೊಂಡೆ. ಕೈ ಮಾತ್ರ ನಿಲ್ಲಲಿಲ್ಲ, ಕಾಯಿಲು ತುಂಬುವವರೆಗೆ ತಡೆಯಬಾರದು ಎಂದು ಅದು ಕಲಿತಿತ್ತು.

ಅವರು ಗೇಟಿನ ಕಡೆ ತಿರುಗಲಿಲ್ಲ. ಶೇಂಗಾದ ಬುಟ್ಟಿಗಳನ್ನು ದಾಟಿದರು. ನಿಂತವರನ್ನು ಸರೀರಿ ಎನ್ನುತ್ತ ದಾಟಿದರು. ಕೂತ ಗಂಡಸರ ಸಾಲು, ಮಕ್ಕಳ ಸಾಲು ದಾಟಿ, ಮುಂದೆ ಗಣ್ಯರಿಗಾಗಿ ಹಾಕಿದ್ದ ಖುರ್ಚಿಗಳ ಹತ್ತಿರ ಬಂದು ನಿಂತರು. ಮುಖ್ಯ ಅತಿಥಿಗಳು ಇನ್ನೂ ಬಂದಿರಲಿಲ್ಲ, ನಟ್ಟನಡುವಿನ ಖುರ್ಚಿ ಖಾಲಿಯಿತ್ತು. ಅದರಲ್ಲಿ ಕೂತರು. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿದರು.

ಹಾಡು ಮುಗಿದು ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಎದೆಗೆ ಬಿಲ್ಲೆ ಚುಚ್ಚಿಕೊಂಡ ಕಾರ್ಯಕರ್ತನೊಬ್ಬ ಓಡಿಬಂದು, ಇದು ಸಾಹೇಬರ ಖುರ್ಚಿ, ನೀವು ಹಿಂದೆ ಹೋಗಬೇಕು ಎಂದು ಬಗ್ಗಿ ಹೇಳಿದ. ಚಪ್ಪಾಳೆ ನಿಂತ ಮೌನದಲ್ಲಿ ಮಾಸ್ತರ ಉತ್ತರ ನನಗೂ ಕೇಳಿಸಿತು, ಅಜ್ಜನಿಗೂ ಕೇಳಿಸಿತು, ಮುಂದಿನ ಸಾಲಿಗೆಲ್ಲ ಕೇಳಿಸಿತು.

"ಹುಟ್ಟಿದಾಗಿಂದ ಹಿಂದ ನಿಂತು ಕೇಳೇನ್ರಿ. ಕೇಳೂದು ಇವತ್ತಿಗೆ ಮುಗೀತು. ಈಗ ಅವ್ರ ಎಡಗೈ ನೋಡಾಕ ಬಂದೇನಿ."

ಹುಡುಗ ಅವರನ್ನು ನೋಡಿದ, ಸ್ಟೇಜಿನ ಮೇಲೆ ನನ್ನ ಕೈಯನ್ನು ನೋಡಿದ. ಏನು ತಿಳಿಯಿತೋ, ಕುಂದರ್ರಿ ಮಾಸ್ತರ್ರ ಎಂದು ಹಿಂದೆ ಸರಿದ. ಮಾಸ್ತರು ಸೊಂಟದಿಂದ ಚಂಚಿ ತೆಗೆದು, ಸವಣೂರಿನ ಒಂದು ಎಳೆ ಎಲೆಯನ್ನು ಮೊಳಕಾಲಿನ ಮೇಲಿಟ್ಟು ಸುಣ್ಣ ಸವರತೊಡಗಿದರು. ನಾನು ಎರಡನೇ ಹಾಡು ಎತ್ತಿಕೊಂಡೆ.